ಖುಲಾಸೆಯ ಆಚೆಗಿನ ಪ್ರಶ್ನೆ: ಸೋತ ಮೊಕದ್ದಮೆಗೆ ಉತ್ತರ ಹೇಳಬೇಕಾದವರು ಯಾರು?

2015ರ ಎಪ್ರಿಲ್ 30ರಂದು ಹುಬ್ಬಳ್ಳಿಯ ಸೆಷನ್ಸ್ ನ್ಯಾಯಾಲಯವು 17 ಮಂದಿಯನ್ನು ಖುಲಾಸೆಗೊಳಿಸಿತು. ದೇಶದ ವಿರುದ್ಧ ಸಂಚು, ನಿಷೇಧಿತ ಸಂಘಟನೆಯ ಸದಸ್ಯತ್ವ, ಕಾಡಿನಲ್ಲಿ ತರಬೇತಿ ಶಿಬಿರ ಎಂದೆಲ್ಲ 2008ರಲ್ಲಿ ಹೊರಿಸಲಾಗಿದ್ದ ಆರೋಪಗಳನ್ನು ಸಾಬೀತುಪಡಿಸಲು ಪ್ರಾಸಿಕ್ಯೂಷನ್‍ಗೆ ಸಾಧ್ಯವಾಗಲಿಲ್ಲ. ಬಂಧನವಾದಾಗ ವಾರಗಟ್ಟಲೆ ಮುಖಪುಟದಲ್ಲಿ ಮೆರೆದ ಸುದ್ದಿಯು ಖುಲಾಸೆಯಾದಾಗ ಒಳಪುಟದ ಮೂಲೆಗೆ ಸರಿಯಿತು. ತೀರ್ಪು ಬಂದ ಮೇಲೆ ಆರೋಪಿಗಳ ಮನೆಯವರು ನಿಟ್ಟುಸಿರಿಟ್ಟರು, ವಕೀಲರು ಕಡತ ಕಟ್ಟಿದರು, ಸರಕಾರ ಸುಮ್ಮನಾಯಿತು. ಈ ಸುಮ್ಮನಿರುವಿಕೆಯನ್ನೇ ನಾವಿಲ್ಲಿ ಪ್ರಶ್ನಿಸಬಯಸುತ್ತೇವೆ.

ನಾವು ಇದನ್ನು ಬರೆಯುತ್ತಿರುವುದು ಧಾರವಾಡದ ಕೆಲಗೇರಿಯಿಂದ. ಹುಬ್ಬಳ್ಳಿಯ ಆ ನ್ಯಾಯಾಲಯ ಇಲ್ಲಿಂದ ಬಹಳ ದೂರವೇನಿಲ್ಲ. ಉತ್ತರ ಕರ್ನಾಟಕದ ಜನರು ದೀರ್ಘ ಕಾಲ ಹೋರಾಡಿ ಪಡೆದ ಹೈಕೋರ್ಟು ಪೀಠವಂತೂ ನಮ್ಮದೇ ಊರಿನಲ್ಲಿದೆ. ಆ ಪೀಠವು ಸಂಚಾರಿ ಪೀಠವಾಗಿ ಆರಂಭವಾದದ್ದೂ 2008ರಲ್ಲೇ. ನ್ಯಾಯವನ್ನು ಜನರ ಮನೆ ಬಾಗಿಲಿಗೆ ತರುವುದು ಆ ಹೋರಾಟದ ಉದ್ದೇಶವಾಗಿತ್ತು. ಕಟ್ಟಡವೇನೋ ಹತ್ತಿರ ಬಂತು. ಆದರೆ ಸರಕಾರ ಹೂಡಿದ ಮೊಕದ್ದಮೆ ಸೋತಾಗ ಆ ಸೋಲಿನ ಲೆಕ್ಕ ಕೇಳುವ ಬಾಗಿಲು ಎಲ್ಲಿದೆಯೆಂದು ಇಲ್ಲಿ ಯಾರಿಗೂ ತಿಳಿದಿಲ್ಲ. ಅಂಥದ್ದೊಂದು ಬಾಗಿಲು ಬಹುತೇಕ ಇಲ್ಲವೇ ಇಲ್ಲ.

2008ರ ಜನವರಿಯನ್ನು ನೆನಪಿಸಿಕೊಳ್ಳಿ. ಹೊನ್ನಾಳಿಯಲ್ಲಿ ವಾಹನ ಕಳವಿನ ಶಂಕೆಯ ಮೇಲೆ ಇಬ್ಬರು ಯುವಕರ ಬಂಧನವಾಯಿತು. ಅಲ್ಲಿಂದ ಆರಂಭವಾದ ಸರಣಿಯು ಹುಬ್ಬಳ್ಳಿಯ ಕಿಮ್ಸ್ ವೈದ್ಯಕೀಯ ಕಾಲೇಜನ್ನು ಮುಟ್ಟಿತು, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯನ್ನು ಮುಟ್ಟಿತು. ‘ಭಯೋತ್ಪಾದನೆಯ ಹೊಸ ತಾಣ’ ಎಂಬ ಪಟ್ಟ ನಮ್ಮ ಅವಳಿ ನಗರಕ್ಕೆ ಬಂತು. ಆ ಬಳಿಕ 2008ರ ಮೇ 10ರಂದು, ವಿಧಾನಸಭಾ ಚುನಾವಣೆಯ ಮೊದಲ ಹಂತದ ಮತದಾನದ ದಿನವೇ, ಹುಬ್ಬಳ್ಳಿಯ ನ್ಯಾಯಾಲಯದಲ್ಲಿ ಬಾಂಬು ಸ್ಫೋಟವಾಯಿತು. ಸಂಶಯದ ಬೆರಳು ಯಾರತ್ತ ಚಾಚಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ 2009ರ ಜನವರಿಯಲ್ಲಿ ಪೊಲೀಸರು ಆ ಸ್ಫೋಟದ ಆರೋಪದ ಮೇಲೆ ಬಂಧಿಸಿದ್ದು ಬೇರೆಯದೇ ಗುಂಪನ್ನು. ಆ ಗುಂಪಿಗೂ ಮುಸ್ಲಿಮ್ ವಿದ್ಯಾರ್ಥಿಗಳಿಗೂ ಯಾವ ನಂಟೂ ಇರಲಿಲ್ಲ. ಅಷ್ಟರೊಳಗೆ ಎಂಟು ತಿಂಗಳು ಕಳೆದಿದ್ದವು. ಮೊದಲ ಸಂಶಯವನ್ನು ಜೋರಾಗಿ ಹೇಳಿದವರು, ಅದು ಸುಳ್ಳಾದುದನ್ನು ಅಷ್ಟೇ ಜೋರಾಗಿ ಹೇಳಿದರೇ?

ಇಲ್ಲಿ ನಾವು ಒಂದು ಸಂಗತಿಯನ್ನು ಮರೆಮಾಚಲು ಬಯಸುವುದಿಲ್ಲ. ಹುಬ್ಬಳ್ಳಿಯಲ್ಲಿ ಖುಲಾಸೆಯಾದ 17 ಮಂದಿಯಲ್ಲಿ ಕೆಲವರ ಮೇಲೆ ಬೇರೆ ರಾಜ್ಯಗಳಲ್ಲಿ ಬೇರೆ ಮೊಕದ್ದಮೆಗಳಿದ್ದವು. 2017ರಲ್ಲಿ ಇಂದೋರಿನ ನ್ಯಾಯಾಲಯವೂ 2022ರಲ್ಲಿ ಅಹ್ಮದಾಬಾದಿನ ವಿಶೇಷ ನ್ಯಾಯಾಲಯವೂ ಅವರ ಪೈಕಿ ಕೆಲವರಿಗೆ ಶಿಕ್ಷೆ ವಿಧಿಸಿವೆ. ಉಳಿದವರಲ್ಲಿ, ಈ ಒಂದು ಮೊಕದ್ದಮೆಗಾಗಿಯೇ ಯೌವನದ ಏಳು ವರ್ಷಗಳನ್ನು ಜೈಲಿನಲ್ಲಿ ಕಳೆದು, ಕಳಂಕವಿಲ್ಲದೆ ಹೊರಬಂದವರೂ ಇದ್ದಾರೆ. ‘ಎಲ್ಲರೂ ಅಮಾಯಕರು’ ಎಂಬ ಒಂದೇ ಕೂಗಿನಲ್ಲಿ ಈ ಇಬ್ಬರನ್ನೂ ಬೆರೆಸುವುದು ನ್ಯಾಯದ ಭಾಷೆಯಲ್ಲ. ‘ಎಲ್ಲರೂ ಭಯೋತ್ಪಾದಕರು’ ಎಂಬ ಒಂದೇ ಹಗ್ಗದಲ್ಲಿ ಇಬ್ಬರನ್ನೂ ಕಟ್ಟುವುದೂ ಅಲ್ಲ. ಬೆರೆಸದೆ ಬಿಡಿಸಿ ನೋಡುವುದೇ ತನಿಖೆಯ ಕೆಲಸ. ಹುಬ್ಬಳ್ಳಿಯ ಮೊಕದ್ದಮೆಯಲ್ಲಿ ನಡೆಯದೆ ಹೋದದ್ದು ಅದೇ ಕೆಲಸ.

ಇಷ್ಟಕ್ಕೂ ಮೊಕದ್ದಮೆಯೊಂದು ಸೋಲುವುದೆಂದರೇನು? ಸಾಧ್ಯತೆಗಳಿರುವುದು ಎರಡೇ. ಒಂದೋ, ಆರೋಪಿ ನಿರಪರಾಧಿ. ಆಗ ಸರಕಾರವು ಒಬ್ಬ ನಾಗರಿಕನ ಬದುಕನ್ನು ಕಿತ್ತುಕೊಂಡಿತು. ಇಲ್ಲವೇ, ಆರೋಪಿ ನಿಜಕ್ಕೂ ಅಪರಾಧಿ. ಆಗ ಸರಕಾರವು ಅಪರಾಧ ಸಾಬೀತುಪಡಿಸುವ ತನ್ನ ಕರ್ತವ್ಯದಲ್ಲಿ ಸೋತು, ಸಂತ್ರಸ್ತರನ್ನೂ ಸಮಾಜವನ್ನೂ ವಂಚಿಸಿತು. ಮೊದಲನೆಯದರಲ್ಲಿ ಆರೋಪಿಗೆ ಅನ್ಯಾಯ, ಎರಡನೆಯದರಲ್ಲಿ ಉಳಿದೆಲ್ಲರಿಗೂ ಅನ್ಯಾಯ. ಉತ್ತರ ಹೇಳಬೇಕಾದವರು ಮಾತ್ರ ಎರಡರಲ್ಲೂ ಒಬ್ಬರೇ. ‘ಸಾಕ್ಷ್ಯಾಧಾರಗಳ ಕೊರತೆಯಿಂದ ಬಿಡುಗಡೆ’ ಎಂಬ ವಾಕ್ಯವನ್ನು ಓದಿದಾಗ ಕೆಲವರು ‘ಪಾರಾದ’ ಎನ್ನುತ್ತಾರೆ, ಕೆಲವರು ‘ಸಿಲುಕಿಸಿದ್ದರು’ ಎನ್ನುತ್ತಾರೆ. ಸಾಕ್ಷ್ಯವೇ ಇಲ್ಲದಿದ್ದರೆ ಏಳು ವರ್ಷ ಜೈಲಿನಲ್ಲಿಟ್ಟದ್ದೇಕೆ, ಸಾಕ್ಷ್ಯವಿದ್ದಿದ್ದರೆ ಅದನ್ನು ನ್ಯಾಯಾಲಯದ ಮುಂದಿಡದೆ ಹೋದವರಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪರಸ್ಪರ ಜಗಳವಾಡುವ ಈ ಎರಡೂ ಗುಂಪುಗಳು ಒಟ್ಟಾಗಿ ಸರಕಾರವನ್ನು ಕೇಳಬಹುದಾದ ಪ್ರಶ್ನೆಯಿದು. ಅವು ಒಟ್ಟಾಗದಿರುವುದೇ ಆಳುವವರಿಗೆ ನೆಮ್ಮದಿ.

ಇದನ್ನು ಮುಸ್ಲಿಮರ ಸಮಸ್ಯೆಯೆಂದು ಮಾತ್ರ ತಿಳಿಯುವುದು ತಪ್ಪು. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಡಲಾಯಿತು. 2006ರ ಡಿಸೆಂಬರಿನಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳು ಬಿದ್ದದ್ದು ನಿಜ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅವರನ್ನು ಯಾರೂ ಕೊಲ್ಲಲಿಲ್ಲ! ಹೆದರಿದ ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕಾದವರು ಯಾರಾಗಿದ್ದರು? ಅವರ ಮೇಲೆ ಏನು ಕ್ರಮವಾಯಿತು?

ನಮ್ಮ ಧಾರವಾಡವನ್ನೇ ನೋಡಿ. ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಕಲ್ಯಾಣ ನಗರದ ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ತನಿಖೆ ವರ್ಷಗಳ ಕಾಲ ತೆವಳಿತು. ಅವರ ಪತ್ನಿ ಸುಪ್ರೀಮ್ ಕೋರ್ಟಿನ ಮೆಟ್ಟಲೇರಬೇಕಾಯಿತು. ಗೌರಿ ಲಂಕೇಶ್ ಹತ್ಯೆಯನ್ನು ತನಿಖೆ ಮಾಡಿದ ವಿಶೇಷ ತಂಡಕ್ಕೆ 2019ರಲ್ಲಿ ಈ ಪ್ರಕರಣವನ್ನೂ ಒಪ್ಪಿಸಿದ ಬಳಿಕವೇ ದೋಷಾರೋಪ ಪಟ್ಟಿ ಸಿದ್ಧವಾಯಿತು. ಒಬ್ಬ ಹಿರಿಯ ವಿದ್ವಾಂಸನ ವಿಧವೆಗೇ ಇಷ್ಟು ಅಲೆದಾಟವಾದರೆ, ಹೆಸರಿಲ್ಲದ ಬಡವನ ಮನೆಯವರ ಪಾಡೇನು?

2025ರ ಜುಲೈ ತಿಂಗಳು ಈ ಪಾಠವನ್ನು ಇಡೀ ದೇಶಕ್ಕೆ ಕಲಿಸಬೇಕಾಗಿತ್ತು. 2006ರ ಮುಂಬೈ ರೈಲು ಸ್ಫೋಟದ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ 12 ಮಂದಿಯನ್ನು ಬೊಂಬಾಯಿ ಹೈಕೋರ್ಟು ಜುಲೈ 21ರಂದು ಖುಲಾಸೆಗೊಳಿಸಿತು. ಹತ್ತು ದಿನಗಳ ಬಳಿಕ ಜುಲೈ 31ರಂದು, 2008ರ ಮಾಲೆಗಾಂವ್ ಸ್ಫೋಟದ 7 ಮಂದಿ ಆರೋಪಿಗಳನ್ನು ವಿಶೇಷ ನ್ಯಾಯಾಲಯವು ಖುಲಾಸೆಗೊಳಿಸಿತು. ಮೊದಲನೆಯ ತೀರ್ಪಿನ ವಿರುದ್ಧ ಮಹಾರಾಷ್ಟ್ರ ಸರಕಾರವು ಒಡನೆಯೇ ಸುಪ್ರೀಮ್ ಕೋರ್ಟಿಗೆ ಓಡಿತು. ಆ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸಬಾರದೆಂದು ಸುಪ್ರೀಮ್ ಕೋರ್ಟು ತಡೆ ನೀಡಿತು, ಬಿಡುಗಡೆಯಾದವರನ್ನು ಮತ್ತೆ ಜೈಲಿಗಟ್ಟಲಿಲ್ಲ. ಎರಡನೆಯ ತೀರ್ಪಿನ ವಿರುದ್ಧ ಹೈಕೋರ್ಟಿನ ಬಾಗಿಲು ಬಡಿಯಲು ಸತ್ತವರ ಮನೆಯವರೇ ಹೋಗಬೇಕಾಯಿತು. ಒಂದು ಕಡೆ ಸತ್ತವರು ಸುಮಾರು 190 ಮಂದಿ, ಇನ್ನೊಂದು ಕಡೆ 6 ಮಂದಿ. ಎರಡೂ ಕಡೆ ಕಣ್ಣೀರು ಒಂದೇ. ಆರೋಪಿಯ ಹೆಸರು ನೋಡಿ ಒಂದು ಖುಲಾಸೆಗೆ ಸಂಭ್ರಮಿಸಿ ಇನ್ನೊಂದಕ್ಕೆ ಕೆರಳುವವರು ಎರಡೂ ಪಾಳಯಗಳಲ್ಲಿದ್ದಾರೆ. ಆದರೆ ಇಷ್ಟು ವರ್ಷಗಳ ಬಳಿಕವೂ ‘ಹಾಗಾದರೆ ಮಾಡಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಸೋತದ್ದು ತನಿಖಾ ವ್ಯವಸ್ಥೆ, ಅದನ್ನು ನಡೆಸುವ ಸರಕಾರ.

ಸೋಲನ್ನು ಬಾಗಿಲಲ್ಲೇ ತಡೆಯುವ ಒಂದು ಜರಡಿ ಬೇಕು. ಅಮೇರಿಕದಲ್ಲಿ ‘ಗ್ರಾಂಡ್ ಜ್ಯೂರಿ’ ಎಂಬ ವ್ಯವಸ್ಥೆಯಿದೆ. ಸಾಮಾನ್ಯ ನಾಗರಿಕರ ಒಂದು ಮಂಡಳಿಯು, ಫೆಡರಲ್ ಪ್ರಕರಣಗಳಲ್ಲಿ 16ರಿಂದ 23 ಮಂದಿ, ಸರಕಾರದ ವಕೀಲ ತಂದಿಡುವ ಸಾಕ್ಷ್ಯವನ್ನು ನೋಡಿ, ಒಬ್ಬನನ್ನು ವಿಚಾರಣೆಗೆ ಒಳಪಡಿಸಲು ಸಾಕಷ್ಟು ಆಧಾರವಿದೆಯೇ ಎಂದು ನಿರ್ಧರಿಸುತ್ತದೆ. 12 ಮಂದಿಯಾದರೂ ಒಪ್ಪದಿದ್ದರೆ ಆರೋಪ ನಿಲ್ಲುವುದಿಲ್ಲ. ಅಲ್ಲಿಯೂ ಸರಕಾರಿ ವಕೀಲರ ಮಾತೇ ಬಹುಪಾಲು ನಡೆಯುತ್ತದೆ ಎಂಬ ಟೀಕೆಯಿದೆ, ಅದು ನಿಜವೂ ಹೌದು. ಆದರೂ ‘ಮೊದಲು ನಾಗರಿಕರ ಮುಂದೆ ಆಧಾರ ತೋರಿಸು’ ಎಂಬ ತತ್ವ ಅಲ್ಲಿ ಸಂವಿಧಾನದಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾ, ಮದ್ರಾಸ್, ಬೊಂಬಾಯಿಗಳಲ್ಲಿ ಇದ್ದ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲೇ ರದ್ದಾಯಿತು. ಅದನ್ನು ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ. ಅದರ ಬದಲಿಗೆ ನಮ್ಮಲ್ಲಿರುವ ಜರಡಿ ಕೆಲಸ ಮಾಡುತ್ತಿದೆಯೇ ಎಂದು ಕೇಳುತ್ತಿದ್ದೇವೆ.

ನಮ್ಮ ಕಾನೂನಿನಲ್ಲಿ ಜರಡಿಗಳು ಇಲ್ಲವೆಂದಲ್ಲ. ದೋಷಾರೋಪ ಪಟ್ಟಿಯಲ್ಲಿ ಹುರುಳಿಲ್ಲದಿದ್ದರೆ ವಿಚಾರಣೆಗೆ ಮುನ್ನವೇ ಆರೋಪಿಯನ್ನು ಬಿಡುವ ಅಧಿಕಾರ ನ್ಯಾಯಾಧೀಶರಿಗಿದೆ. ಯುಎಪಿಎಯಂಥ ಕಾಯ್ದೆಯಲ್ಲಿ ಮೊಕದ್ದಮೆ ಹೂಡಲು ಸರಕಾರದ ಅನುಮತಿ ಬೇಕು. ಆ ಅನುಮತಿಗೆ ಮುನ್ನ ಸಾಕ್ಷ್ಯವನ್ನು ಸ್ವತಂತ್ರ ಪ್ರಾಧಿಕಾರವೊಂದು ಪರಿಶೀಲಿಸಬೇಕೆಂದು 2008ರ ತಿದ್ದುಪಡಿ ಹೇಳುತ್ತದೆ. ಆದರೆ ಅದೇ ತಿದ್ದುಪಡಿಯು ಜಾಮೀನಿನ ಬಾಗಿಲಿಗೆ ಬೀಗ ಜಡಿಯಿತು. ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಕಾರಣವಿದೆಯೆಂದು ನ್ಯಾಯಾಲಯಕ್ಕೆ ಅನಿಸಿದರೆ ಸಾಕು, ಜಾಮೀನಿಲ್ಲ. ಹಾಗೆ ಅನಿಸಲು ಆಧಾರ ಪೊಲೀಸರದ್ದೇ ಕಾಗದಗಳು. ದೋಷಾರೋಪ ಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಕಾಲಾವಕಾಶ. ಒಳಗೆ ಹೋಗುವಾಗ ಜರಡಿಯ ಕಣ್ಣು ದೊಡ್ಡದು, ಹೊರಗೆ ಬರುವಾಗ ಅತಿ ಸಣ್ಣದು.

ಸರಕಾರದ ಅನುಮತಿ ಎಷ್ಟು ಅಗ್ಗವಾಗಬಲ್ಲದು ಎಂಬುದಕ್ಕೆ ಅಕ್ಷರಧಾಮ ಪ್ರಕರಣವೇ ಸಾಕ್ಷಿ. 2014ರ ಮೇ 16ರಂದು ಸುಪ್ರೀಮ್ ಕೋರ್ಟು ಆ ಪ್ರಕರಣದ ಆರೂ ಮಂದಿಯನ್ನು ಖುಲಾಸೆಗೊಳಿಸಿತು. ಅವರಲ್ಲಿ ಮರಣದಂಡನೆಗೆ ಗುರಿಯಾಗಿದ್ದವರೂ ಇದ್ದರು. ಪೋಟಾ ಕಾಯ್ದೆಯಡಿ ಮೊಕದ್ದಮೆ ಹೂಡಲು ಗುಜರಾತಿನ ಗೃಹ ಸಚಿವಾಲಯ ನೀಡಿದ ಅನುಮತಿಯಲ್ಲಿ ವಿವೇಚನೆಯನ್ನೇ ಬಳಸಿರಲಿಲ್ಲ ಎಂದು ನ್ಯಾಯಾಲಯ ಟೀಕಿಸಿತು. ಆ ಸಹಿ ಹಾಕಿದ ಕೈಗೆ ಏನಾಯಿತು? ಏನೂ ಆಗಲಿಲ್ಲ. ಬಿಡುಗಡೆಯಾದವರು ಪರಿಹಾರ ಕೇಳಿದಾಗ, ಖುಲಾಸೆಯಾದವರಿಗೆಲ್ಲ ಪರಿಹಾರ ಕೊಡತೊಡಗಿದರೆ ಅದು ಅಪಾಯಕಾರಿ ಸಂಪ್ರದಾಯವಾದೀತು ಎಂಬ ನಿಲುವಿನಿಂದ 2016ರಲ್ಲಿ ಅದೇ ಸುಪ್ರೀಮ್ ಕೋರ್ಟು ಕೋರಿಕೆಯನ್ನು ಪರಿಗಣಿಸಲಿಲ್ಲ. ಗೌರವದಿಂದಲೇ ನಾವು ಕೇಳುತ್ತೇವೆ: ಒಬ್ಬನನ್ನು ವರ್ಷಗಟ್ಟಲೆ ಗಲ್ಲಿನ ನೆರಳಿನಲ್ಲಿಟ್ಟು ಬಳಿಕ ಬರಿಗೈಯಲ್ಲಿ ಮನೆಗೆ ಕಳುಹಿಸುವುದು ಅಪಾಯಕಾರಿ ಸಂಪ್ರದಾಯವಲ್ಲವೇ?

ಜರಡಿ ಸರಿಯಾಗಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2012ರ ಆಗಸ್ಟ್ ಅಂತ್ಯದಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯಲ್ಲಿ ಹಲವು ಯುವಕರ ಬಂಧನವಾಯಿತು. ಅವರಲ್ಲಿ ಒಬ್ಬ ಯುವ ಪತ್ರಕರ್ತನೂ ಒಬ್ಬ ಯುವ ವಿಜ್ಞಾನಿಯೂ ಇದ್ದರು. ರಾಷ್ಟ್ರೀಯ ತನಿಖಾ ದಳವು ಕಾಗದಗಳನ್ನು ಪರಿಶೀಲಿಸಿ, ಅವರಿಬ್ಬರ ವಿರುದ್ಧ ಆಧಾರವಿಲ್ಲವೆಂದು ದೋಷಾರೋಪ ಪಟ್ಟಿಯಿಂದ ಕೈಬಿಟ್ಟಿತು. ಸುಮಾರು ಆರು ತಿಂಗಳ ಬಳಿಕ ಅವರು ಹೊರಬಂದರು. ಉಳಿದವರಲ್ಲಿ ಹಲವರು 2016ರಲ್ಲಿ ತಪ್ಪೊಪ್ಪಿಕೊಂಡು ಐದು ವರ್ಷಗಳ ಶಿಕ್ಷೆ ಪಡೆದರು. ಅಂದರೆ ಆಧಾರವಿಲ್ಲದವನನ್ನು ಆಧಾರವಿದ್ದವನಿಂದ ಬೇರ್ಪಡಿಸಲು ಸಾಧ್ಯವಿದೆ. ಮನಸ್ಸು ಮಾಡಿದರೆ ಆರು ತಿಂಗಳಲ್ಲಿ ಸಾಧ್ಯವಿದೆ. ಹಾಗಿದ್ದ ಮೇಲೆ ಬೇರೆಡೆಗಳಲ್ಲಿ ಏಳು ವರ್ಷ, ಹನ್ನೊಂದು ವರ್ಷ, ಇಪ್ಪತ್ತು ವರ್ಷ ಏಕೆ? ನಮ್ಮ ಗುಲ್ಬರ್ಗಾದ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು 1994ರ ಜನವರಿಯಲ್ಲಿ ರೈಲು ಸ್ಫೋಟಗಳ ಆರೋಪದಲ್ಲಿ ಬಂಧಿಸಲಾಯಿತು. ಆತನ ವಿರುದ್ಧ ಇದ್ದದ್ದು ಪೊಲೀಸ್ ವಶದಲ್ಲಿದ್ದಾಗ ಪಡೆದ ತಪ್ಪೊಪ್ಪಿಗೆ. ಸುಪ್ರೀಮ್ ಕೋರ್ಟು ಅದನ್ನು ಒಪ್ಪದೆ ಆತನನ್ನು ಖುಲಾಸೆಗೊಳಿಸಿದ್ದು 2016ರ ಮೇ ತಿಂಗಳಲ್ಲಿ. ಇಪ್ಪತ್ತು ದಾಟದ ಹುಡುಗ ಒಳಗೆ ಹೋಗಿ, ನಲ್ವತ್ತು ದಾಟಿದ ಗಂಡಸಾಗಿ ಹೊರಬಂದ.

ಕಾನೂನು ಇಂಥವನಿಗೆ ಏನು ಕೊಡುತ್ತದೆ? ಆಧಾರವಿಲ್ಲದೆ ಬಂಧಿಸಲ್ಪಟ್ಟವನಿಗೆ ಪರಿಹಾರ ಕೊಡಿಸುವ ಕಲಮು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 358 ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 399 ಆಗಿದೆ. ಸಂಖ್ಯೆ ಬದಲಾಯಿತು, ಮೊತ್ತ ಬದಲಾಗಲಿಲ್ಲ. ಗರಿಷ್ಠ ಪರಿಹಾರ 1,000 ರೂಪಾಯಿ! ಅದನ್ನೂ ಕೊಡಬೇಕಾದದ್ದು ಸರಕಾರವಲ್ಲ, ಬಂಧನಕ್ಕೆ ಕಾರಣನಾದ ದೂರುದಾರ. ದೂರುದಾರನೇ ಪೊಲೀಸನಾಗಿದ್ದರೆ? ಕಲಮು ಮೌನ.

ಹಾಗಂತ ನ್ಯಾಯಾಲಯಗಳು ಏನೂ ಮಾಡಿಲ್ಲವೆಂದಲ್ಲ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಉಳಿದ ಬಿಹಾರದ ರುದುಲ್ ಸಾಹ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1983ರಲ್ಲಿ ಪರಿಹಾರ ಕೊಡಿಸಿ ಹೊಸ ದಾರಿ ತೆರೆಯಿತು. ಸುಳ್ಳು ಬೇಹುಗಾರಿಕೆಯ ಆರೋಪ ಹೊತ್ತ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ ರೂಪಾಯಿ ಕೊಡಿಸಿತು. ಅಧಿಕಾರಿಗಳ ಪಾತ್ರವನ್ನು ಪರಿಶೀಲಿಸಲು ಸಮಿತಿಯನ್ನೂ ನೇಮಿಸಿತು. ಇದು ಸ್ವಾಗತಾರ್ಹವೇ. ಆದರೆ ಸುಪ್ರೀಮ್ ಕೋರ್ಟಿನವರೆಗೆ ಎರಡು ದಶಕ ಹೋರಾಡುವ ಶಕ್ತಿ ಎಷ್ಟು ಮಂದಿಗಿದೆ? ಹೈದರಾಬಾದಿನ ಮಕ್ಕಾ ಮಸೀದಿ ಸ್ಫೋಟದ ಬಳಿಕ ಹಿಡಿಯಲ್ಪಟ್ಟ ಯುವಕರಿಗೆ ಅಂದಿನ ಆಂಧ್ರಪ್ರದೇಶ ಸರಕಾರವು 2012ರಲ್ಲಿ ಪರಿಹಾರ ಹಂಚಿತು. ಅದಕ್ಕೆ ಕಾನೂನಿನ ಆಧಾರವಿರಲಿಲ್ಲ. ಮರುವರ್ಷ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಒಬ್ಬನಿಗೆ 50 ಲಕ್ಷ, ಒಬ್ಬನಿಗೆ ಏನೂ ಇಲ್ಲ, ಇನ್ನೊಬ್ಬನಿಗೆ ಕೊಟ್ಟದ್ದೂ ಅಸಿಂಧು. ಇದನ್ನು ಹಕ್ಕು ಎನ್ನುವಂತಿಲ್ಲ. ಇದು ಅದೃಷ್ಟ. ಹಕ್ಕು ಕಾನೂನಿನ ಪುಸ್ತಕದಲ್ಲಿರಬೇಕು.

ಈ ಕಾನೂನು ಹೇಗಿರಬೇಕೆಂದು ಸರಕಾರಕ್ಕೆ ಯಾರೂ ಹೇಳಿಲ್ಲವೇ? ಹೇಳಿದ್ದಾರೆ. ದಿಲ್ಲಿ ಹೈಕೋರ್ಟಿನ 2017ರ ಆದೇಶದ ಬಳಿಕ ಭಾರತದ ಕಾನೂನು ಆಯೋಗವು ಇದೇ ವಿಷಯವನ್ನು ಅಧ್ಯಯನ ಮಾಡಿ 2018ರ ಆಗಸ್ಟ್‌ನಲ್ಲಿ ತನ್ನ 277ನೆಯ ವರದಿಯನ್ನು ಸಲ್ಲಿಸಿತು. ತಪ್ಪು ಮೊಕದ್ದಮೆಗೆ ಒಳಗಾದವರಿಗೆ ಪರಿಹಾರ ಕೊಡುವುದು ಸರಕಾರದ ಶಾಸನಬದ್ಧ ಹೊಣೆಯಾಗಬೇಕು, ಅದಕ್ಕಾಗಿ ವಿಶೇಷ ನ್ಯಾಯಾಲಯಗಳಿರಬೇಕು, ಹಣದ ಜತೆಗೆ ವೃತ್ತಿ ಕೌಶಲ, ಮಾನಸಿಕ ಆರೋಗ್ಯದಂಥ ನೆರವೂ ಬೇಕು ಎಂದು ಶಿಫಾರಸು ಮಾಡಿತು. ಅಷ್ಟಾದ ಮೇಲೆ ಮೂರು ಹೊಸ ದಂಡ ಸಂಹಿತೆಗಳು ಬಂದವು. ಶಿಫಾರಸಿನ ಈ ಭಾಗಕ್ಕೆ ಅವುಗಳಲ್ಲಿ ಜಾಗ ಸಿಗಲಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದವನ್ನು 1979ರಲ್ಲಿ ಒಪ್ಪಿಕೊಳ್ಳುವಾಗಲೇ ಭಾರತವು, ಕಾನೂನುಬಾಹಿರ ಬಂಧನಕ್ಕೆ ಪರಿಹಾರದ ಹಕ್ಕು ತನ್ನ ಕಾನೂನಿನಲ್ಲಿಲ್ಲ ಎಂದು ಷರತ್ತು ಹಾಕಿತ್ತು. ಹಲವು ದಶಕಗಳ ಬಳಿಕವೂ ಆ ಷರತ್ತಿನ ಹಿಂದೆಯೇ ಅಡಗಿ ಕುಳಿತಿದ್ದೇವೆ. ಅಮೇರಿಕದ ಫೆಡರಲ್ ಕಾನೂನು 2004ರಿಂದ, ತಪ್ಪಾಗಿ ಶಿಕ್ಷೆಗೊಳಗಾದವನಿಗೆ ಪ್ರತಿ ವರ್ಷದ ಸೆರೆವಾಸಕ್ಕೆ 50,000 ಡಾಲರಿನವರೆಗೆ ಕೊಡುತ್ತದೆ. ಸರಕಾರದ ಮೊಕದ್ದಮೆ ದುರುದ್ದೇಶದ್ದು ಅಥವಾ ಹುರುಳಿಲ್ಲದ್ದು ಎಂದು ಸಾಬೀತಾದರೆ ಖುಲಾಸೆಯಾದವನ ವಕೀಲರ ಖರ್ಚನ್ನು ಸರಕಾರದಿಂದಲೇ ಕೊಡಿಸುವ ಕಾನೂನೂ 1997ರಿಂದ ಅಲ್ಲಿದೆ. ಆ ದೇಶದ ಇತರ ತಪ್ಪುಗಳನ್ನು ಟೀಕಿಸುವ ನಾವು ಈ ಒಳಿತನ್ನು ಒಪ್ಪಲು ಹಿಂಜರಿಯಬೇಕಾಗಿಲ್ಲ.

ಅಷ್ಟಕ್ಕೂ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. 2014ರ ಜನವರಿ 7ರಂದು ಗುಜರಾತ್ ಸರಕಾರ ವಿರುದ್ಧ ಕಿಶನ್‍ಭಾಯ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಒಂದು ಸ್ಪಷ್ಟ ನಿರ್ದೇಶನ ಕೊಟ್ಟಿದೆ. ಅದು ಭಯೋತ್ಪಾದನೆಯ ಪ್ರಕರಣವಲ್ಲ. ಪುಟ್ಟ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿ ಕೊಂದ ಪ್ರಕರಣ. ತನಿಖೆಯ ಲೋಪಗಳಿಂದಾಗಿ ಆರೋಪಿಯನ್ನು ಬಿಡಬೇಕಾಗಿ ಬಂದಾಗ ನ್ಯಾಯಾಲಯವು ಕಳವಳಗೊಂಡು ಹೇಳಿದ್ದಿಷ್ಟು: ಪ್ರತಿ ರಾಜ್ಯದ ಗೃಹ ಇಲಾಖೆಯು ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಗಳ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿಯನ್ನು ರಚಿಸಬೇಕು. ಪ್ರತಿಯೊಂದು ಖುಲಾಸೆಯ ತೀರ್ಪನ್ನೂ ಅದು ಪರಿಶೀಲಿಸಬೇಕು. ಸೋಲಿಗೆ ಕಾರಣವಾದ ಲೋಪವು ಸಹಜವಾದದ್ದೇ, ಶಿಕ್ಷಾರ್ಹವಾದದ್ದೇ ಎಂದು ದಾಖಲಿಸಬೇಕು. ಹೊಣೆಗೇಡಿ ಅಧಿಕಾರಿಯ ಮೇಲೆ ಇಲಾಖಾ ಕ್ರಮವಾಗಬೇಕು. ಕಲಿತ ಪಾಠವನ್ನು ತರಬೇತಿಯಲ್ಲಿ ಸೇರಿಸಬೇಕು. ಇಷ್ಟಕ್ಕೆ ಕೊಟ್ಟ ಗಡುವು ಆರು ತಿಂಗಳು.

ಹುಬ್ಬಳ್ಳಿಯ ತೀರ್ಪು ಬಂದದ್ದು ಈ ನಿರ್ದೇಶನವಾಗಿ ಒಂದು ವರ್ಷ ಕಳೆದ ಮೇಲೆ. ಆದ್ದರಿಂದ ಕರ್ನಾಟಕದ ಗೃಹ ಇಲಾಖೆಯನ್ನು ನಾವು ನೇರವಾಗಿ ಕೇಳುತ್ತೇವೆ: 2015ರ ಎಪ್ರಿಲ್ 30ರ ತೀರ್ಪನ್ನು ನಿಮ್ಮ ಸಮಿತಿ ಓದಿತೇ? ಓದಿದ್ದರೆ ಅದರ ಅಭಿಪ್ರಾಯವೇನು? ಲೋಪ ಯಾರದ್ದೆಂದು ಬರೆಯಿತು? ಓದದಿದ್ದರೆ ಏಕೆ ಓದಲಿಲ್ಲ? ಈ ಪ್ರಶ್ನೆಯಿಂದ ಯಾವ ಪಕ್ಷವೂ ತಪ್ಪಿಸಿಕೊಳ್ಳುವಂತಿಲ್ಲ. ಬಂಧನಗಳಾದದ್ದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆಯಿದ್ದಾಗ. ಬಳಿಕ ಐದು ವರ್ಷ ಆಳಿದ್ದು ಬಿಜೆಪಿ. ತೀರ್ಪು ಬಂದದ್ದು ಕಾಂಗ್ರೆಸ್ ಸರಕಾರದ ಕಾಲದಲ್ಲಿ. ಬಂಧನದ ಹೆಗ್ಗಳಿಕೆಗೆ ಎಲ್ಲರೂ ಬರುತ್ತಾರೆ, ಖುಲಾಸೆಯ ಹೊಣೆಗೆ ಮಾತ್ರ ವಾರಸುದಾರರಿಲ್ಲ.

ಇಲ್ಲೊಂದು ಆಕ್ಷೇಪವಿದೆ. ಹೀಗೆ ಲೆಕ್ಕ ಕೇಳತೊಡಗಿದರೆ ಪೊಲೀಸರ ಸ್ಥೈರ್ಯ ಕುಗ್ಗೀತು, ಅಪಾಯಕಾರಿಗಳನ್ನು ಹಿಡಿಯಲು ಅವರು ಹೆದರಿಯಾರು ಎನ್ನಲಾಗುತ್ತದೆ. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪ್ರತಿ ಖುಲಾಸೆಯೂ ಪೊಲೀಸರ ಕೆಟ್ಟತನವಲ್ಲ. ಸಾಕ್ಷಿ ಸತ್ತಿರಬಹುದು, ಸಂಶಯದ ಲಾಭ ಆರೋಪಿಗೆ ಸಿಕ್ಕಿರಬಹುದು. ಸುಪ್ರೀಮ್ ಕೋರ್ಟು ಸಹಜ ಲೋಪ ಮತ್ತು ಶಿಕ್ಷಾರ್ಹ ಲೋಪ ಎಂದು ವಿಂಗಡಿಸಲು ಹೇಳಿದ್ದು ಇದಕ್ಕಾಗಿಯೇ. ಪ್ರಾಮಾಣಿಕನಾಗಿ ದುಡಿದು ಸೋತ ಅಧಿಕಾರಿಗೆ ಈ ಪರಿಶೀಲನೆ ರಕ್ಷಣೆಯೇ ಆದೀತು. ಹೆದರಬೇಕಾದವನು ಠಾಣೆಯಲ್ಲಿ ಕುಳಿತು ಪಂಚನಾಮೆ ಬರೆದು ಪಂಚರ ಸಹಿ ಹಾಕಿಸಿಕೊಂಡವನು ಮಾತ್ರ. ಅಂಥವನ ಸ್ಥೈರ್ಯ ಕುಗ್ಗಿದರೆ ದೇಶಕ್ಕೆ ನಷ್ಟವೇನು? ನಿಜವಾದ ಅಪರಾಧಿ ನಿರಾಳವಾಗಿ ಓಡಾಡುವುದು, ಪೊಲೀಸರು ತಪ್ಪು ಮನುಷ್ಯನನ್ನು ಹಿಡಿದು ಕಡತ ಮುಚ್ಚಿದಾಗಲೇ ಅಲ್ಲವೇ?

ಇನ್ನೊಂದು ಮಾತು ನಮ್ಮ ‘ಹಿತೈಷಿ’ ರಾಜಕಾರಣಿಗಳಿಗೆ. ಮೊಕದ್ದಮೆ ಹಿಂಪಡೆಯುವುದನ್ನೇ ನ್ಯಾಯವೆಂದು ಅವರು ನಮಗೆ ತೋರಿಸುತ್ತಾರೆ. 2022ರ ಎಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ಒಂದು ಪ್ರಚೋದನಕಾರಿ ಚಿತ್ರದ ಹೆಸರಲ್ಲಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರಿದ್ದು ಖಂಡನೀಯ. ಕಲ್ಲೆಸೆದವನಿಗೆ ಶಿಕ್ಷೆಯಾಗಲಿ. ಆದರೆ ಬಂಧಿತರು 150ನ್ನು ಮೀರಿದರು. ಅವರ ಮೇಲೆ ಯುಎಪಿಎಯನ್ನೂ ಹೇರಲಾಯಿತು. 2024ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರವು ಈ ಪ್ರಕರಣವೂ ಸೇರಿ 43 ಮೊಕದ್ದಮೆಗಳನ್ನು ಹಿಂಪಡೆಯಲು ತೀರ್ಮಾನಿಸಿತು. 2025ರ ಮೇ 29ರಂದು ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಫಲವೇನು? ಕಲ್ಲೆಸೆದವನಿಗೂ, ಅಂದು ಆ ದಾರಿಯಲ್ಲಿ ಹೋಗುತ್ತಿದ್ದವನಿಗೂ ಒಂದೇ ಪಟ್ಟ ಉಳಿಯಿತು. ‘ಓಲೈಕೆ’ ಎಂಬ ಹೊಸ ಆರೋಪ ಇಡೀ ಸಮುದಾಯದ ತಲೆಗೆ ಬಂತು. ಸರಕಾರ ಮಾಡಬೇಕಾದದ್ದು ಸಾರಾಸಗಟು ಹಿಂಪಡೆಯುವುದಲ್ಲ. ಪ್ರತಿ ಆರೋಪಿಯ ಮೇಲಿನ ಆಧಾರವನ್ನು ಒಂದೊಂದಾಗಿ ಪರಿಶೀಲಿಸಿ, ಆಧಾರವಿಲ್ಲದವನನ್ನು ನ್ಯಾಯಾಲಯದ ಮೂಲಕವೇ ಬಿಡಿಸಿ, ಯುಎಪಿಎ ಹೇರಿದ್ದೇಕೆಂದು ಅಧಿಕಾರಿಗಳಿಂದ ಉತ್ತರ ಪಡೆಯಬೇಕಾಗಿತ್ತು. ದಯೆ ನಮಗೆ ಬೇಡ. ಲೆಕ್ಕ ಬೇಕು. ದಯೆಯನ್ನು ಇಂದಿನ ಸರಕಾರ ಕೊಟ್ಟರೆ ನಾಳಿನ ಸರಕಾರ ಕಿತ್ತುಕೊಳ್ಳುತ್ತದೆ.

ಸಮುದಾಯವಾಗಿ ನಮ್ಮ ಮೇಲೂ ಹೊಣೆಯಿದೆ. ಆರೋಪಿಯ ತಾಯಿಯನ್ನು ಮದುವೆ ಮನೆಗೆ ಕರೆಯದವರು, ಅವನ ತಂಗಿಯ ನೆಂಟಸ್ತಿಕೆಯನ್ನು ಮುರಿದವರು, ಬಾಡಿಗೆ ಮನೆ ಬಿಡಿಸಿದವರು ಪೊಲೀಸರಲ್ಲ. ತೀರ್ಪು ಬರುವ ಮೊದಲೇ ನಾವೂ ತೀರ್ಪು ಕೊಡುತ್ತೇವೆ. ಖುಲಾಸೆಯಾದ ಮೇಲೆ ಬಿರಿಯಾನಿ ಮಾಡಿ ಹಂಚುವ ನಾವು, ಆ ತೀರ್ಪಿನ ಪ್ರತಿಯನ್ನು ಪಡೆದು ಓದಿದ್ದೇವೆಯೇ? ನ್ಯಾಯಾಧೀಶರು ಯಾವ ಸಾಕ್ಷಿಯನ್ನು ಏಕೆ ನಂಬಲಿಲ್ಲ, ಯಾವ ಅಧಿಕಾರಿಯ ಬಗ್ಗೆ ಏನು ಬರೆದರು ಎಂಬುದು ಅಲ್ಲಿದೆ. ಮುಂದಿನ ಹೋರಾಟದ ಬಂಡವಾಳ ಅದೇ. ಕಾನೂನು ಕಲಿತ ಮಕ್ಕಳು ನಮ್ಮಲ್ಲಿ ಇನ್ನೂ ವಿರಳ. ರಾಜ್ಯದ ಕಾನೂನು ವಿಶ್ವವಿದ್ಯಾನಿಲಯವೇ ಹುಬ್ಬಳ್ಳಿಯ ನವನಗರದಲ್ಲಿರುವಾಗ ಇದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ. 2020ರ ಫೆಬ್ರವರಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಾದಿಸಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘವು ನಿರ್ಣಯ ಮಾಡಿತ್ತು. ಹೈಕೋರ್ಟು ಕಟುವಾಗಿ ಆಕ್ಷೇಪಿಸಿತು. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಹಾಗೆ ಬಂದವರಲ್ಲಿ ಎಲ್ಲ ಧರ್ಮದವರೂ ಇದ್ದರು ಎಂಬುದನ್ನು ನಾವು ಮರೆಯಬಾರದು. ಅನ್ಯಾಯದ ವಿರುದ್ಧದ ಸಾಲಿನಲ್ಲಿ ನಿಲ್ಲಲು ಎಲ್ಲ ಸಮುದಾಯಗಳಲ್ಲೂ ಜನರಿದ್ದಾರೆ. ಕಂಬಾಲಪಲ್ಲಿಯ ಸಂತ್ರಸ್ತರೂ ಕಲಬುರ್ಗಿಯವರ ಅಭಿಮಾನಿಗಳೂ ನಮ್ಮ ಜತೆ ಆ ಸಾಲಿನಲ್ಲಿ ನಿಲ್ಲಬಲ್ಲರು, ನಾವು ಅವರ ಜತೆ ನಿಂತರೆ.

ನಮ್ಮ ಬೇಡಿಕೆಗಳು ಹೆಚ್ಚಿನವೇನಲ್ಲ. 2014ರ ನಿರ್ದೇಶನದಂತೆ ಖುಲಾಸೆಗಳನ್ನು ಪರಿಶೀಲಿಸುವ ಸಮಿತಿಯ ವರದಿಯನ್ನು ಗೃಹ ಇಲಾಖೆ ಪ್ರತಿ ವರ್ಷ ವಿಧಾನಮಂಡಲದ ಮುಂದಿಡಲಿ. ಎಷ್ಟು ಖುಲಾಸೆ, ಎಷ್ಟರಲ್ಲಿ ಲೋಪ, ಎಷ್ಟು ಅಧಿಕಾರಿಗಳ ಮೇಲೆ ಕ್ರಮ ಎಂಬುದು ಅದರಲ್ಲಿರಲಿ. ಯುಎಪಿಎ ಅನುಮತಿಗೆ ಮುನ್ನ ಸಾಕ್ಷ್ಯ ನೋಡುವ ಪ್ರಾಧಿಕಾರದ ಅಭಿಪ್ರಾಯವನ್ನು ಖುಲಾಸೆಯಾದ ಬಳಿಕವಾದರೂ ಬಹಿರಂಗಪಡಿಸಲಿ. ಕೇಂದ್ರ ಸರಕಾರವು ಕಾನೂನು ಆಯೋಗದ 277ನೆಯ ವರದಿಯನ್ನು ಕಪಾಟಿನಿಂದ ಹೊರತೆಗೆಯಲಿ, ಅಲ್ಲಿಯವರೆಗೆ ರಾಜ್ಯ ಸರಕಾರವು ಮರುವಸತಿಗೆ ತನ್ನದೇ ಶಾಸನವೊಂದನ್ನು ತರಲಿ. ಸಾಕ್ಷಿಗಳಿಗೆ ರಕ್ಷಣೆ ಕೊಡಲಿ, ಏಕೆಂದರೆ ಸಾಕ್ಷಿ ಹೆದರಿದಲ್ಲಿ ಬಲಾಢ್ಯ ಪಾರಾಗುತ್ತಾನೆ.

ಈ ಪಟ್ಟಿಯನ್ನು ನಿಮ್ಮ ಕ್ಷೇತ್ರದ ಶಾಸಕರ ಮುಂದಿಡಿ. ಮುಂದಿನ ಅಧಿವೇಶನದಲ್ಲಿ ಮೊದಲ ಪ್ರಶ್ನೆಯೊಂದನ್ನೇ ಕೇಳಲಿ. 2014ರಿಂದ ಇಂದಿನವರೆಗೆ ಕರ್ನಾಟಕದಲ್ಲಿ ಎಷ್ಟು ಖುಲಾಸೆಗಳ ಪರಿಶೀಲನೆಯಾಗಿದೆ, ಎಷ್ಟು ಅಧಿಕಾರಿಗಳನ್ನು ಹೊಣೆಗಾರರನ್ನಾಗಿ ಮಾಡಲಾಗಿದೆ? ಉತ್ತರ ಏನೇ ಬರಲಿ, ಅದು ಸದನದ ದಾಖಲೆಯಲ್ಲಿ ಉಳಿಯುತ್ತದೆ. ಲೆಕ್ಕ ಕೇಳುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.